ಮೂರು ಕಂಪ್ಯೂಟರ್, ಮೂರು ಉತ್ತರ: ಒಂದು ಪೆನ್‌ಡ್ರೈವ್ ಪ್ರಕರಣ

ಆ ಪೆನ್‌ಡ್ರೈವ್ ನನ್ನ ಕೈಗೆ ಬರುವ ಹೊತ್ತಿಗೆ ಮೂರು ಕಂಪ್ಯೂಟರ್‌ಗಳನ್ನು ಸುತ್ತಿ ಬಂದಿತ್ತು. ಮೊದಲನೆಯದು ‘ಈ ಡಿಸ್ಕ್ ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು’ ಎಂದಿತ್ತು. ಎರಡನೆಯದು ‘ಯುಎಸ್‌ಬಿ ಸಾಧನವನ್ನು ಗುರುತಿಸಲಾಗಲಿಲ್ಲ’ ಎಂದಿತ್ತು. ಮೂರನೆಯದು ಏನನ್ನೂ ಹೇಳಿರಲಿಲ್ಲ. ಪೆನ್‌ಡ್ರೈವ್‌ನ ತುದಿಯಲ್ಲಿದ್ದ ಪುಟ್ಟ ನೀಲಿ ದೀಪವೂ ಹೊತ್ತಿರಲಿಲ್ಲ.

ಅದು ನನ್ನ ಗೆಳೆಯನ ತಂಗಿಯದು. ಒಳಗಿದ್ದುದು ಆಕೆಯ ಸಂಶೋಧನೆಗೆಂದು ಮಾಡಿದ 61 ಸಂದರ್ಶನಗಳ ಧ್ವನಿಮುದ್ರಣ. ಪ್ರತಿ ಬಾರಿಯೂ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿದ ಮೇಲೆ ರೆಕಾರ್ಡರ್‌ನ ಮೆಮೊರಿ ಕಾರ್ಡನ್ನು ಅಳಿಸಿ ಮುಂದಿನ ಸಂದರ್ಶನಕ್ಕೆ ಸಿದ್ಧ ಮಾಡಿಕೊಳ್ಳುತ್ತಿದ್ದಳು. 62ನೆಯದು ಮಾತ್ರ ಇನ್ನೂ ಕಾರ್ಡಿನಲ್ಲೇ ಇತ್ತು. ಉಳಿದವಕ್ಕೆ ಬೇರೆ ಪ್ರತಿ ಇರಲಿಲ್ಲ.

“ಅಣ್ಣ, ಫಾರ್ಮ್ಯಾಟ್ ಮಾಡಿ ಆಮೇಲೆ ರಿಕವರಿ ಸಾಫ್ಟ್‌ವೇರ್ ಹಾಕು ಎಂದು ಇಬ್ಬರು ಹೇಳಿದರು. ನನಗೆ ಧೈರ್ಯ ಬರಲಿಲ್ಲ,” ಎಂದಳು.

ಆ ಧೈರ್ಯ ಬಾರದೆ ಇದ್ದುದೇ ಈ ಪ್ರಕರಣದಲ್ಲಿ ನಡೆದ ಅತ್ಯಂತ ಒಳ್ಳೆಯ ಸಂಗತಿ. ಫಾರ್ಮ್ಯಾಟ್ ಮಾಡಿದರೆ, ಅದು ‘ಕ್ವಿಕ್’ ಆಗಿದ್ದರೂ, ಯಾವ ಫೈಲ್ ಎಲ್ಲೆಲ್ಲಿ ಹರಡಿದೆ ಎಂದು ಬರೆದಿಟ್ಟಿರುವ ಕೋಷ್ಟಕವೂ ಮೂಲ ಫೋಲ್ಡರ್‌ನ ಪಟ್ಟಿಯೂ ಹೊಸದಾಗಿ ಖಾಲಿಯಾಗುತ್ತವೆ. ದತ್ತಾಂಶ ಉಳಿದರೂ ಅದರ ನಕ್ಷೆ ಹೋಗುತ್ತದೆ. ನಕ್ಷೆ ಕಳೆದುಕೊಂಡ ಮೇಲೆ ಹುಡುಕಲು ಹೊರಡಿ ಎಂಬ ಸಲಹೆ ಇಷ್ಟು ಸಲೀಸಾಗಿ ಬಾಯಿಂದ ಬಾಯಿಗೆ ಹರಿದಾಡುತ್ತಿರುವುದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ.

ಮೂರು ಉತ್ತರಗಳು ಮೂರು ಬೇರೆ ಕಾಯಿಲೆಗಳಂತೆ ಕಂಡರೂ ನಾನು ಅವನ್ನು ಒಂದೇ ಸಾಲಿನಲ್ಲಿ ಇಟ್ಟು ನೋಡಿದೆ. ಪೆನ್‌ಡ್ರೈವ್ ಸಿಕ್ಕಿಸಿದಾಗ ಕ್ಷಣಾರ್ಧದಲ್ಲಿ ಒಂದು ಸಂಭಾಷಣೆ ನಡೆಯುತ್ತದೆ. ಮೊದಲು 5 ವೋಲ್ಟ್ ವಿದ್ಯುತ್ ತಲುಪಬೇಕು. ಇದಕ್ಕೆಂದೇ ಯುಎಸ್‌ಬಿ ಪ್ಲಗ್‌ನ ನಾಲ್ಕು ಪಟ್ಟಿಗಳಲ್ಲಿ ಹೊರಗಿನ ಎರಡು, ಅಂದರೆ ವಿದ್ಯುತ್ ಮತ್ತು ಗ್ರೌಂಡ್, ಒಳಗಿನ ಎರಡಕ್ಕಿಂತ ಉದ್ದವಾಗಿರುತ್ತವೆ. ಬೇಕಿದ್ದರೆ ನಿಮ್ಮದೊಂದು ಪೆನ್‌ಡ್ರೈವ್ ತೆಗೆದು ಬೆಳಕಿಗೆ ಹಿಡಿದು ನೋಡಿ. ವಿದ್ಯುತ್ ಬಂದ ಮೇಲೆ ಪೆನ್‌ಡ್ರೈವ್ ತನ್ನ ದತ್ತಾಂಶದ ಎರಡು ತಂತಿಗಳ ಪೈಕಿ ‘ಡಿ ಪ್ಲಸ್’ ಎಂಬುದನ್ನು 1.5 ಕಿಲೋ ಓಮ್ ರೋಧಕದ ಮೂಲಕ ಮೇಲಕ್ಕೆಳೆದು ‘ನಾನು ಬಂದಿದ್ದೇನೆ’ ಎಂದು ಸೂಚಿಸುತ್ತದೆ. ಕಂಪ್ಯೂಟರ್ ಅದನ್ನು ರೀಸೆಟ್ ಮಾಡಿ ‘ನೀನು ಯಾರು?’ ಎಂದು ಕೇಳುತ್ತದೆ, ವಿಳಾಸ ಕೊಡುತ್ತದೆ, ಎಷ್ಟು ದೊಡ್ಡ ಡಿಸ್ಕ್ ಎಂದು ವಿಚಾರಿಸುತ್ತದೆ. ಇಷ್ಟೆಲ್ಲ ಆದ ಮೇಲೆಯೇ ಅದರ ಮೊದಲ ಸೆಕ್ಟರ್‌ಗಳನ್ನು, ಅಂದರೆ 512 ಬೈಟ್‌ಗಳ ಪುಟ್ಟ ತುಂಡುಗಳನ್ನು, ಓದಿ ಫೈಲ್‌ಗಳ ವ್ಯವಸ್ಥೆ ಯಾವುದೆಂದು ನೋಡುತ್ತದೆ.

ಹಾಗಾಗಿ ದೀಪವೂ ಹೊತ್ತದಿದ್ದರೆ ಮಾತು ಆರಂಭವೇ ಆಗಿಲ್ಲ. ‘ಗುರುತಿಸಲಾಗಲಿಲ್ಲ’ ಎಂದರೆ ಯಾರೋ ಬಂದದ್ದು ಗೊತ್ತಾಗಿದೆ, ಹೆಸರು ಕೇಳಿದರೆ ಉತ್ತರವಿಲ್ಲ. ‘ಫಾರ್ಮ್ಯಾಟ್ ಮಾಡಿ’ ಎಂಬ ಸಂದೇಶ ನೋಡಲು ಎಷ್ಟೇ ಭಯಂಕರವಾಗಿದ್ದರೂ ಮೂರರಲ್ಲಿ ಅದೇ ಶುಭ ಸೂಚನೆ. ಸಂಭಾಷಣೆ ಕೊನೆಯವರೆಗೂ ನಡೆದಿದೆ, ಡಿಸ್ಕ್‌ನಿಂದ ಬೈಟ್‌ಗಳು ಬಂದಿವೆ, ಆ ಬೈಟ್‌ಗಳಷ್ಟೇ ಅರ್ಥವಾಗಿಲ್ಲ. ಒಂದೇ ಪೆನ್‌ಡ್ರೈವ್ ಒಮ್ಮೆ ಕೊನೆಯ ಮೆಟ್ಟಿಲವರೆಗೆ ಹೋಗಿ ಮತ್ತೊಮ್ಮೆ ಹೊಸ್ತಿಲಲ್ಲೇ ನಿಂತಿತು ಎಂದಾದರೆ ದೋಷ ಸಾಫ್ಟ್‌ವೇರ್‌ನಲ್ಲಿ ಇರುವ ಸಂಭವ ಕಡಿಮೆ. ಎಲ್ಲೋ ಒಂದು ಸಂಪರ್ಕ ಬರುತ್ತಾ ಹೋಗುತ್ತಾ ಇದೆ.

ಇದು ಊಹೆ ಅಷ್ಟೇ. ಅದನ್ನು ಖಚಿತಪಡಿಸಿಕೊಳ್ಳಬೇಕಿತ್ತು.

ಮೊದಲು ಕಂಪ್ಯೂಟರನ್ನೇ ಸಂಶಯದಿಂದ ಬಿಡಿಸಿದೆ. ಚೆನ್ನಾಗಿರುವ ಬೇರೊಂದು ಪೆನ್‌ಡ್ರೈವನ್ನು ಅದೇ ಪೋರ್ಟ್‌ಗೆ ಸಿಕ್ಕಿಸಿದೆ, ಕೂಡಲೇ ತೆರೆದುಕೊಂಡಿತು. ನಾನು ಬಳಸಿದ್ದು ಕಂಪ್ಯೂಟರ್ ಪೆಟ್ಟಿಗೆಯ ಹಿಂಬದಿಯ ಪೋರ್ಟ್. ಮುಂದಿನ ಪೋರ್ಟ್‌ಗಳು ಒಳಗಿನ ತೆಳು ಕೇಬಲ್ ಮೂಲಕ ಮದರ್‌ಬೋರ್ಡ್‌ಗೆ ಸೇರಿರುತ್ತವೆ. ಹಿಂದಿನವು ನೇರವಾಗಿ ಬೋರ್ಡ್ ಮೇಲೆಯೇ ಇರುತ್ತವೆ. ಹಬ್, ಎಕ್ಸ್‌ಟೆನ್ಷನ್ ಕೇಬಲ್ ಯಾವುದೂ ನಡುವೆ ಇರಬಾರದು.

ಆಮೇಲೆ ಆಕೆಯ ಪೆನ್‌ಡ್ರೈವ್. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿನೊಂದಿಗೆ ‘ಕೋಡ್ 43’ ಕಾಣಿಸಿತು. ಸಾಧನ ತನ್ನ ವಿವರ ಕೊಡಲಿಲ್ಲ ಎಂಬುದಷ್ಟೇ ಇಲ್ಲಿ ಇದರ ತಾತ್ಪರ್ಯ. ಇದನ್ನು ಕಂಡೊಡನೆ ಸಾಧನವನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಅಳಿಸಿ ಮತ್ತೆ ಹಾಕುವುದು, ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಕಡತವಾದ ರಿಜಿಸ್ಟ್ರಿ ತಿದ್ದುವುದು ಎಂದು ದಿನಗಟ್ಟಲೆ ಕಳೆಯುವವರಿದ್ದಾರೆ. ಪಕ್ಕದ ಪೆನ್‌ಡ್ರೈವ್ ಅದೇ ಡ್ರೈವರ್‌ನಲ್ಲಿ, ಅದೇ ಪೋರ್ಟ್‌ನಲ್ಲಿ ಸರಿಯಾಗಿ ಓಡುತ್ತಿರುವಾಗ ಡ್ರೈವರನ್ನು ದೂರುವುದರಲ್ಲಿ ಅರ್ಥವಿಲ್ಲ.

ವಿಂಡೋಸ್‌ನಂಥದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ ಇನ್ನೂ ಬಿಚ್ಚಿ ಹೇಳುತ್ತದೆ. ಅದರ ತಿರುಳಾದ ಕರ್ನೆಲ್ ಬರೆದಿಡುವ ದಾಖಲೆಯನ್ನು ತೆರೆದಿಟ್ಟುಕೊಂಡು ಪೆನ್‌ಡ್ರೈವನ್ನು ಹತ್ತು ಬಾರಿ ಸಿಕ್ಕಿಸಿ ತೆಗೆದೆ. ನಾಲ್ಕು ಬಾರಿ ಏನೂ ಇಲ್ಲ. ಐದು ಬಾರಿ ವಿವರ ಓದುವಾಗ ದೋಷ ಸಂಖ್ಯೆ -71, ಅಂದರೆ ಮಾತಿನ ಕ್ರಮವೇ ಕೆಟ್ಟಿದೆ ಎಂಬ ದೂರು, ಕೊನೆಗೆ ‘ಸಾಧನವನ್ನು ಗುರುತಿಸಲು ಆಗುತ್ತಿಲ್ಲ’ ಎಂಬ ಷರಾ. ಒಂದೇ ಒಂದು ಬಾರಿ ಡಿಸ್ಕ್ ಕಾಣಿಸಿ ಎರಡು ಸೆಕೆಂಡಿನಲ್ಲಿ ಮಾಯವಾಯಿತು.

ಈ ದಾಖಲೆಯಲ್ಲಿ ನನ್ನ ಗಮನ ಸೆಳೆದದ್ದು ದೋಷ ಸಂಖ್ಯೆಯಲ್ಲ, ಅದಕ್ಕೂ ಮೊದಲಿನ ಸಾಲು. ಇದು ಯುಎಸ್‌ಬಿ 2.0 ಪೆನ್‌ಡ್ರೈವ್. ‘ಹೈ-ಸ್ಪೀಡ್’ ಸಾಧನ ಬಂದಿದೆ ಎಂದು ಇರಬೇಕಿತ್ತು. ಅಲ್ಲಿದ್ದುದು ‘ಫುಲ್-ಸ್ಪೀಡ್’. ಹೆಸರು ಕೇಳಿದರೆ ಫುಲ್-ಸ್ಪೀಡ್ ಎಂಬುದೇ ಹೆಚ್ಚಿನ ವೇಗ ಎನಿಸುತ್ತದೆ, ಆದರೆ ಅದು ಸೆಕೆಂಡಿಗೆ 12 ಮೆಗಾಬಿಟ್‌ನ ಹಳೆಯ ವೇಗ. ಹೈ-ಸ್ಪೀಡ್ 480 ಮೆಗಾಬಿಟ್. ತನಗೆ ಹೆಚ್ಚಿನ ವೇಗ ಸಾಧ್ಯ ಎಂದು ತಿಳಿಸಲು ಪೆನ್‌ಡ್ರೈವ್ ರೀಸೆಟ್ ವೇಳೆಯಲ್ಲಿ ಒಂದು ಸಣ್ಣ ‘ಚಿಲಿಪಿಲಿ’ ಸಂಕೇತ ಕಳುಹಿಸುತ್ತದೆ, ಮತ್ತು ಆ ಸಂಕೇತ ಹೋಗುವುದು ‘ಡಿ ಮೈನಸ್’ ತಂತಿಯ ಮೇಲೆ. ಬಂದದ್ದು ಗೊತ್ತಾಗಿದೆ ಎಂದರೆ ಡಿ ಪ್ಲಸ್ ಚೆನ್ನಾಗಿದೆ. ಚಿಲಿಪಿಲಿ ಕೇಳಿಸಿಲ್ಲ ಎಂದರೆ ಡಿ ಮೈನಸ್ ಕಡಿದಿದೆ. ಇಷ್ಟು ಖಚಿತವಾಗಿ ಒಂದು ತಂತಿಯನ್ನು ಬೆರಳಿಟ್ಟು ತೋರಿಸುವ ಸಾಕ್ಷಿ ಸಿಗುವುದು ಅಪರೂಪ. ಪೆನ್‌ಡ್ರೈವ್‌ನ ಕವಚ ಬಿಚ್ಚುವ ಮುಂಚೆಯೇ ನಾನು ಕಾಗದದ ಮೇಲೆ ‘2ನೇ ಪಿನ್’, ಅಂದರೆ ಡಿ ಮೈನಸ್‌ನ ಕಾಲು, ಎಂದು ಬರೆದಿಟ್ಟೆ.

ಇನ್ನೊಂದು ಪರೀಕ್ಷೆ ಬೆರಳಿನದು. ಪೆನ್‌ಡ್ರೈವ್‌ನ ಹಿಂತುದಿಯನ್ನು ಬಹಳ ಮೆಲ್ಲಗೆ ಎಡಕ್ಕೆ ಒತ್ತಿ ಹಿಡಿದರೆ ದೀಪ ಹೊತ್ತಿತು. ಬಿಟ್ಟರೆ ಆರಿತು. ಬೆರಳು ಒತ್ತಿದರೆ ಬದಲಾಗುವ ದೋಷವನ್ನು ಯಾವ ಸಾಫ್ಟ್‌ವೇರ್‌ನಿಂದಲೂ ಸರಿಪಡಿಸಲು ಆಗದು. ಅಲ್ಲಿಗೆ ಕೀಬೋರ್ಡ್ ಬದಿಗಿಟ್ಟೆ.

“ಇದಕ್ಕೆ ಎಲ್ಲಾದರೂ ಪೆಟ್ಟು ಬಿದ್ದಿತ್ತೇ?” ಎಂದು ಕೇಳಿದೆ.

ಆಕೆ ಸ್ವಲ್ಪ ಹೊತ್ತು ಯೋಚಿಸಿದಳು. 62ನೇ ಸಂದರ್ಶನ ಕಾಪಿ ಆಗುತ್ತಿದ್ದಾಗ ಲ್ಯಾಪ್‌ಟಾಪ್ ತೊಡೆಯ ಮೇಲಿತ್ತು, ಎದ್ದು ತಿರುಗುವಾಗ ಪೆನ್‌ಡ್ರೈವ್ ಕುರ್ಚಿಯ ಕೈಗೆ ತಗುಲಿತ್ತು. ಕಾಪಿ ಅರ್ಧಕ್ಕೇ ನಿಂತಿತು. ತೆಗೆದು ಮತ್ತೆ ಹಾಕಿದಾಗ ಬಂದದ್ದೇ ಫಾರ್ಮ್ಯಾಟ್ ಸಂದೇಶ. “ನಾನು ಸೇಫ್ಲಿ ರಿಮೂವ್ ಒತ್ತದೆ ತೆಗೆದೆ. ತಪ್ಪು ಅದೇ ಎಂದುಕೊಂಡಿದ್ದೆ,” ಎಂದಳು. ಮೂರು ದಿನ ಆ ಹುಡುಗಿ ಅದೇ ಕೊರಗಿನಲ್ಲಿದ್ದಳು. 2018ರ ಅಕ್ಟೋಬರ್ ಆವೃತ್ತಿಯಿಂದ, ಅಂದರೆ 1809ರಿಂದ, ವಿಂಡೋಸ್ 10ರಲ್ಲಿ ತಕ್ಷಣ ತೆಗೆಯಬಹುದಾದ ವ್ಯವಸ್ಥೆಯೇ ರೂಢಿಯ ಆಯ್ಕೆ. ಬರೆಯುವ ಕೆಲಸ ಮುಗಿದಿದ್ದರೆ ಆ ಬಟನ್ ಒತ್ತದಿದ್ದರೂ ಸಾಮಾನ್ಯವಾಗಿ ಹಾನಿಯಿಲ್ಲ. ಇಲ್ಲಿ ಹಾನಿ ಆದದ್ದು ಆಕೆ ತೆಗೆಯುವುದಕ್ಕೂ ಮುಂಚೆ, ಕುರ್ಚಿಗೆ ತಗುಲಿದ ಕ್ಷಣದಲ್ಲಿ, ಬರೆಯುವುದು ನಡೆಯುತ್ತಿರುವಾಗಲೇ ವಿದ್ಯುತ್ ಕಡಿದಾಗ.

ಪ್ಲಾಸ್ಟಿಕ್ ಕವಚದ ಸಂದಿನಲ್ಲಿ ತೆಳುವಾದ ಪ್ಲಾಸ್ಟಿಕ್ ಕಾರ್ಡ್ ತೂರಿಸಿ ಬಿಡಿಸಿದೆ. ಒಳಗೆ ಹಸಿರು ಸರ್ಕ್ಯೂಟ್ ಬೋರ್ಡ್. ಒಂದು ಬದಿಯಲ್ಲಿ ಓದು-ಬರಹವನ್ನೆಲ್ಲ ನಿರ್ವಹಿಸುವ ಕಂಟ್ರೋಲರ್ ಚಿಪ್, ಅದರ ಪಕ್ಕ 12 ಮೆಗಾಹರ್ಟ್ಸ್ ಎಂದು ಕೊರೆದ ಬೆಳ್ಳಿ ಬಣ್ಣದ ಕ್ರಿಸ್ಟಲ್. ಮತ್ತೊಂದು ಬದಿಯಲ್ಲಿ ದತ್ತಾಂಶ ಹೊತ್ತ ಅಗಲವಾದ ಕಪ್ಪು ನ್ಯಾಂಡ್ ಚಿಪ್. ತುದಿಯಲ್ಲಿ ಲೋಹದ ಪ್ಲಗ್, ಅದರ ನಾಲ್ಕು ಕಾಲುಗಳು ಬೋರ್ಡ್‌ಗೆ ಬೆಸೆದುಕೊಂಡಿರುವ ನಾಲ್ಕು ಪುಟ್ಟ ದಿಬ್ಬಗಳು. ಮೊಬೈಲ್ ದೀಪವನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. 3 ಮತ್ತು 4ನೇ ದಿಬ್ಬಗಳು ಹೊಳೆಯುತ್ತಿದ್ದವು. 2ನೆಯದರ ಸುತ್ತ ಅರ್ಧ ವೃತ್ತದಷ್ಟು ಕೂದಲೆಳೆಯಂಥ ಕಪ್ಪು ಗೆರೆ. 1ನೆಯದರ ಸುತ್ತ ಅದೇ ಗೆರೆ ಪೂರ್ತಿ ಉಂಗುರವಾಗಿತ್ತು. ಹಲ್ಲುಕಡ್ಡಿಯ ತುದಿಯಿಂದ ಮುಟ್ಟಿದರೆ ಆ ಕಾಲು ದಿಬ್ಬದೊಳಗೆ ಅಲುಗಾಡುತ್ತಿತ್ತು.

1ನೇ ಪಿನ್ ವಿದ್ಯುತ್ತಿನದು, 2ನೆಯದು ಡಿ ಮೈನಸ್. ಪ್ಲಗ್ ಒಂದು ಪಕ್ಕಕ್ಕೆ ಬಾಗಿದಾಗ ಆ ಪಕ್ಕದ ಎರಡು ಕಾಲುಗಳೇ ಕಿತ್ತಿದ್ದವು. ಮೂರು ಕಂಪ್ಯೂಟರ್‌ಗಳ ಮೂರು ಉತ್ತರಗಳಿಗೆ ಈ ಎರಡು ಬಿರುಕುಗಳೇ ಸಾಕು. ಎರಡೂ ತಾಗಿಕೊಂಡಿದ್ದಾಗ ಡಿಸ್ಕ್ ಕಾಣಿಸಿ ಫಾರ್ಮ್ಯಾಟ್ ಕೇಳಿತು. ವಿದ್ಯುತ್ ತಾಗಿ ಡಿ ಮೈನಸ್ ತಾಗದಿದ್ದಾಗ ‘ಗುರುತಿಸಲಾಗಲಿಲ್ಲ’. ವಿದ್ಯುತ್ತೇ ತಾಗದಿದ್ದಾಗ ಮೌನ. ಒಂದೊಂದು ಕಂಪ್ಯೂಟರ್‌ನ ಪೋರ್ಟ್ ಹಿಡಿತ ಒಂದೊಂದು ಬಗೆ, ಪ್ಲಗ್ ಕುಳಿತ ಕೋನವೂ ಬೇರೆ ಬೇರೆ. ಅಷ್ಟೇ ವ್ಯತ್ಯಾಸ.

ಇಲ್ಲಿ ಒಂದು ಆಮಿಷವಿತ್ತು. ಬೆರಳಿನಲ್ಲಿ ಒತ್ತಿ ಹಿಡಿದರೆ ನಡೆಯುತ್ತದಲ್ಲ, ಹಾಗೇ ಹಿಡಿದುಕೊಂಡು ಎಲ್ಲವನ್ನೂ ಕಾಪಿ ಮಾಡಿಕೊಂಡರಾಗದೇ? 32 ಜಿಬಿಯನ್ನು ಸೆಕೆಂಡಿಗೆ 20 ಎಂಬಿಯಂತೆ ಓದಿದರೂ ಸುಮಾರು 27 ನಿಮಿಷ ಬೇಕು. ಅಷ್ಟು ಹೊತ್ತು ಬೆರಳು ಕದಲದೆ ಇರುವುದಿಲ್ಲ. ವಿದ್ಯುತ್ ಪ್ರತಿ ಬಾರಿ ಕಡಿದು ಬಂದಾಗಲೂ ಕಂಟ್ರೋಲರ್ ತನ್ನ ಒಳಗಿನ ಲೆಕ್ಕಪತ್ರವನ್ನು ತಿದ್ದಿಕೊಳ್ಳಲು ಹೊರಡಬಹುದು. ಕಂಪ್ಯೂಟರ್ ಏನನ್ನೂ ಬರೆಯದಿದ್ದರೂ ಚಿಪ್ ತಾನಾಗಿ ಬರೆಯುತ್ತದೆ. ಈಗಾಗಲೇ ಒಮ್ಮೆ ಅರ್ಧಕ್ಕೆ ಕಡಿದ ವಿದ್ಯುತ್ತೇ ಇಷ್ಟು ಹಾನಿ ಮಾಡಿತ್ತು. ಇನ್ನೊಮ್ಮೆ ಆ ಅಪಾಯ ತಂದುಕೊಳ್ಳುವುದು ಬೇಡ ಎಂದು ಮೊದಲು ಬೆಸುಗೆ ಹಾಕಲು ತೀರ್ಮಾನಿಸಿದೆ.

ಬೆಸುಗೆ ಕೆಲಸ ಎರಡು ನಿಮಿಷದ್ದು. ಸಣ್ಣ ಮೊನೆಯ ಸೋಲ್ಡರಿಂಗ್ ಐರನ್, ಬೆಸುಗೆ ಚೆನ್ನಾಗಿ ಹರಿಯಲು ಹಚ್ಚುವ ಫ್ಲಕ್ಸ್ ಒಂದು ತೊಟ್ಟು, ಒಂದೊಂದು ಕಾಲಿಗೆ ಎರಡು ಮೂರು ಸೆಕೆಂಡ್ ಶಾಖ. ಹಳೆಯ ಬೆಸುಗೆ ಕರಗಿ ಹೊಸದರೊಂದಿಗೆ ಬೆರೆತು ಮತ್ತೆ ಹೊಳೆಯುವ ದಿಬ್ಬವಾಯಿತು. 1 ಮತ್ತು 2ರ ನಡುವೆ ಬೆಸುಗೆ ಹರಿದು ಸೇತುವೆ ಕಟ್ಟಿಲ್ಲ ಎಂದು ಮಲ್ಟಿಮೀಟರ್‌ನಲ್ಲಿ ನೋಡಿಕೊಂಡೆ. ಅದು ಹಾಗೆ ಕಟ್ಟಿದ್ದರೆ 5 ವೋಲ್ಟ್ ನೇರವಾಗಿ ದತ್ತಾಂಶದ ತಂತಿಗೆ ನುಗ್ಗುತ್ತಿತ್ತು. ಬೆಸುಗೆಯಲ್ಲಿ ಕೈ ಪಳಗಿಲ್ಲದವರು ಕಳೆದುಕೊಳ್ಳಲಾಗದ ಪೆನ್‌ಡ್ರೈವ್ ಮೇಲೆ ಕಲಿಯಲು ಹೋಗಬಾರದು. ಇದನ್ನು ದಿನವೂ ಮಾಡುವ ಯಾರಾದರೂ ಇದನ್ನು ಸುಲಭವಾಗಿ ಮಾಡಿಕೊಡುತ್ತಾರೆ. ಇನ್ನು ಉಗುರಿನಷ್ಟು ಚಿಕ್ಕದಾದ, ಇಡಿಯಾಗಿ ಒಂದೇ ಕಪ್ಪು ಚೂರಿನಂತಿರುವ ಪೆನ್‌ಡ್ರೈವ್‌ಗಳಲ್ಲಿ ಬೆಸೆಯಲು ಕಾಲುಗಳೇ ಇರುವುದಿಲ್ಲ. ಅವು ಕೆಟ್ಟರೆ ದತ್ತಾಂಶ ಮರಳಿ ತರುವ ಪ್ರಯೋಗಾಲಯದವರೇ ಗತಿ.

ಮತ್ತೆ ಸಿಕ್ಕಿಸಿದೆ. ನೀಲಿ ದೀಪ ಹೊತ್ತಿ ಸ್ಥಿರವಾಗಿ ನಿಂತಿತು. ದಾಖಲೆಯಲ್ಲಿ ಈ ಬಾರಿ ‘ಹೈ-ಸ್ಪೀಡ್’. ಗಾತ್ರ ಸರಿಯಾಗಿ ತೋರಿಸಿತು. ಆಕೆ ಪಕ್ಕದಲ್ಲಿ ನಿಂತು ಉಸಿರು ಬಿಗಿಹಿಡಿದಿದ್ದಳು, ಪರದೆಯ ಮೇಲೆ ಡಿಸ್ಕ್ ಕಂಡೊಡನೆ “ತೆರೆಯೋಣವೇ?” ಎಂದಳು. ಬೇಡ ಎಂದೆ.

ಮೊದಲು ಪೂರ್ತಿ ಇಮೇಜ್. ಲಿನಕ್ಸ್‌ನಲ್ಲಿ ಡಿಸ್ಕ್ ತಾನಾಗಿ ಮೌಂಟ್ ಆಗುವುದನ್ನು, ಅಂದರೆ ತೆರೆದುಕೊಳ್ಳುವುದನ್ನು, ನಿಲ್ಲಿಸಿ, ಗ್ನೂ ಡಿಡಿರೆಸ್ಕ್ಯೂ ಎಂಬ ಉಪಕರಣದಿಂದ ಮೊದಲ ಸೆಕ್ಟರ್‌ನಿಂದ ಕೊನೆಯವರೆಗೆ ಇದ್ದದ್ದು ಇದ್ದಂತೆ ಒಂದೇ ಫೈಲ್ ಆಗಿ ಇಳಿಸಿಕೊಂಡೆ. ಅದು ಎಲ್ಲಿಯವರೆಗೆ ಓದಿದೆ ಎಂಬುದನ್ನು ಪ್ರತ್ಯೇಕ ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ, ನಡುವೆ ಕಡಿದರೂ ಮುಂದುವರಿಸಬಹುದು. ಈ ಬಾರಿ ಕಡಿಯಲಿಲ್ಲ. ಮುಗಿದ ಮೇಲೆ ಪೆನ್‌ಡ್ರೈವನ್ನು ತೆಗೆದು ಲಕೋಟೆಗೆ ಹಾಕಿದೆ. ಮುಂದಿನ ಕೆಲಸವೆಲ್ಲ ಆ ಇಮೇಜ್‌ನ ಇನ್ನೊಂದು ಪ್ರತಿಯ ಮೇಲೆ. ತಪ್ಪಾದರೆ ಪ್ರತಿಯನ್ನು ಬಿಸಾಡಿ ಹೊಸದಾಗಿ ಆರಂಭಿಸಬಹುದು, ಮೂಲಕ್ಕೆ ಕೈ ತಾಗುವುದಿಲ್ಲ.

ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸುವುದು ಇನ್ನೊಂದು ಸಾಮಾನ್ಯ ಸಲಹೆ. ಅದರ ಕೆಲಸ ಫೈಲ್‌ಗಳ ವ್ಯವಸ್ಥೆಯನ್ನು ಒಂದಕ್ಕೊಂದು ತಾಳೆಯಾಗುವಂತೆ ಮಾಡುವುದು, ನಿಮ್ಮ ಫೈಲ್ ಉಳಿಸುವುದಲ್ಲ. ತಾಳೆಯಾಗದ್ದನ್ನು ಕತ್ತರಿಸಿ ಹೆಸರಿಲ್ಲದ ತುಣುಕುಗಳಾಗಿ ಒಂದು ಫೋಲ್ಡರ್‌ಗೆ ತುಂಬುತ್ತದೆ. ಪ್ರತಿ ಇಲ್ಲದ ಡಿಸ್ಕ್ ಮೇಲೆ ಅದನ್ನು ಓಡಿಸಬೇಡಿ.

ಇಮೇಜನ್ನು ತೆರೆದು ನೋಡಿದೆ. ಪೆನ್‌ಡ್ರೈವ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಟ್ಟದ್ದು ಫ್ಯಾಟ್32 ಎಂಬ ವ್ಯವಸ್ಥೆ, ಅದರ ವಿಭಾಗ 8192ನೇ ಸೆಕ್ಟರ್‌ನಿಂದ, ಅಂದರೆ 4 ಎಂಬಿ ದಾಟಿದ ಮೇಲೆ, ಶುರುವಾಗುತ್ತಿತ್ತು. ವಿಭಾಗದ ಮೊದಲ ಸೆಕ್ಟರ್‌ನ ಕೊನೆಗೆ 55 ಎಎ ಎಂಬ ಗುರುತು ಇರಬೇಕು. ಇರಲಿಲ್ಲ. ಇಡೀ ಸೆಕ್ಟರ್‌ನಲ್ಲಿ ಒಂದೇ ಬೈಟ್ ಮತ್ತೆ ಮತ್ತೆ. ನನಗೆ ಅಷ್ಟೇನೂ ಗಾಬರಿಯಾಗಲಿಲ್ಲ, ಏಕೆಂದರೆ ಫ್ಯಾಟ್32ರಲ್ಲಿ ವಿಭಾಗದ ಅಳತೆ, ರಚನೆ ಹೇಳುವ ಈ ಮೊದಲ ಸೆಕ್ಟರ್‌ನ, ಅಂದರೆ ಬೂಟ್ ಸೆಕ್ಟರ್‌ನ, ಒಂದು ಪ್ರತಿಯನ್ನು ವಿಭಾಗದ 6ನೇ ಸೆಕ್ಟರ್‌ನಲ್ಲಿ ಇಟ್ಟಿರುತ್ತಾರೆ. ಅಲ್ಲಿಗೆ ಹೋದೆ. ಅಲ್ಲೂ ಅದೇ ಬೈಟ್.

ಆಗ ಮಾತ್ರ ಎದೆ ಧಸಕ್ಕೆಂದಿತು. ಆಮೇಲೆ ಯೋಚಿಸಿದರೆ ಅದು ಹಾಗೇ ಆಗಬೇಕಿತ್ತು. 6ನೇ ಸೆಕ್ಟರ್ ಎಂದರೆ ಕೇವಲ 3 ಕೆಬಿ ದೂರ. ನ್ಯಾಂಡ್ ಚಿಪ್ ಸೆಕ್ಟರ್ ಸೆಕ್ಟರ್ ಆಗಿ ಬರೆಯುವುದಿಲ್ಲ. ಅದು ಬರೆಯುವುದು ಹಲವು ಕೆಬಿಗಳ ಪುಟಗಳಲ್ಲಿ, ಅಳಿಸುವುದು ಎಂಬಿಗಳಷ್ಟು ದೊಡ್ಡ ಬ್ಲಾಕ್‌ಗಳಲ್ಲಿ. ಬ್ಲಾಕ್‌ನ ಒಂದು ಮೂಲೆ ಬದಲಾದರೂ ಅದರೊಳಗೆ ನೆರೆಹೊರೆಯಲ್ಲಿರುವುದನ್ನೆಲ್ಲ ಎತ್ತಿ ಹೊಸ ಜಾಗದಲ್ಲಿ ಇಡಬೇಕಾಗಬಹುದು. ಯಾವ ಫೈಲ್ ಎಲ್ಲಿದೆ ಎಂದು ಹೇಳುವ ಫ್ಯಾಟ್ ಕೋಷ್ಟಕ ಶುರುವಾಗುವುದು ಬೂಟ್ ಸೆಕ್ಟರ್‌ನ ಬೆನ್ನಿಗೇ, ಮತ್ತು ಪ್ರತಿ ಕಾಪಿಯಲ್ಲೂ ಆ ಕೋಷ್ಟಕ ತಿದ್ದುಪಡಿಯಾಗುತ್ತದೆ. ಕುರ್ಚಿಗೆ ತಗುಲಿದ ಆ ಗಳಿಗೆಯಲ್ಲಿ ಕಂಟ್ರೋಲರ್ ಆ ಬ್ಲಾಕನ್ನೇ ಕೈಯಲ್ಲಿ ಹಿಡಿದಿತ್ತು. ಅಸಲು, ನಕಲು, ಕೋಷ್ಟಕದ ಆರಂಭ ಮೂರೂ ಒಟ್ಟಿಗೆ ಹೋಗಿದ್ದವು. ಹಳೆಯ ಕಾಲದ ತಿರುಗುವ ಡಿಸ್ಕ್‌ಗಳಲ್ಲಿ ಪಕ್ಕದ ಸೆಕ್ಟರ್‌ನ ನಕಲು ಆಪತ್ತಿಗೆ ಒದಗುತ್ತಿತ್ತು. ಪೆನ್‌ಡ್ರೈವ್‌ನಂಥ ಫ್ಲಾಶ್ ಮೆಮೊರಿಯಲ್ಲಿ ಒಂದೇ ಛಾವಣಿಯಡಿ ಇಟ್ಟ ಎರಡು ಕೀಲಿಗಳಂತೆ ಅವು ಒಟ್ಟಿಗೆ ಕಳೆದುಹೋಗುತ್ತವೆ.

ಉಳಿಸಿದ್ದು ಎರಡನೇ ಕೋಷ್ಟಕ. ಫ್ಯಾಟ್ ವ್ಯವಸ್ಥೆ ತನ್ನ ಕೋಷ್ಟಕದ ಎರಡು ಪ್ರತಿ ಇಡುತ್ತದೆ. ಈ ಗಾತ್ರದ ಡಿಸ್ಕ್‌ನಲ್ಲಿ ಒಂದೊಂದೂ ಸುಮಾರು 8 ಎಂಬಿ ಇರುತ್ತದೆ, ಆದ್ದರಿಂದ ಎರಡನೆಯದು ಬೇರೆ ಬ್ಲಾಕ್‌ನಲ್ಲಿ ಸುರಕ್ಷಿತವಾಗಿತ್ತು. ಟೆಸ್ಟ್‌ಡಿಸ್ಕ್ ಎಂಬ ಮುಕ್ತ ತಂತ್ರಾಂಶ ಇಮೇಜನ್ನು ಜಾಲಾಡಿ, ಫೋಲ್ಡರ್‌ಗಳು ಎಲ್ಲೆಲ್ಲಿ ಶುರುವಾಗುತ್ತವೆ ಎಂಬುದರಿಂದ ಕ್ಲಸ್ಟರ್ ಗಾತ್ರ, ಅಂದರೆ ಫೈಲ್‌ಗಳಿಗೆ ಜಾಗ ಹಂಚುವ ಘಟಕದ ಗಾತ್ರ, ಲೆಕ್ಕಹಾಕಿ ಬೂಟ್ ಸೆಕ್ಟರನ್ನು ಹೊಸದಾಗಿ ಕಟ್ಟಿಕೊಟ್ಟಿತು. ಕೋಷ್ಟಕವನ್ನು ಎರಡನೇ ಪ್ರತಿಯಿಂದ ತುಂಬಿದೆ. ಫೋಲ್ಡರ್ ತೆರೆದುಕೊಂಡಿತು, 61 ಹೆಸರುಗಳು ದಿನಾಂಕ ಸಮೇತ.

ಹೆಸರು ಕಂಡ ಮಾತ್ರಕ್ಕೆ ಫೈಲ್ ಉಳಿದಿದೆ ಎಂದಲ್ಲ. ಒಂದೊಂದನ್ನೂ ಆರಂಭ, ನಡು, ಕೊನೆಯಲ್ಲಿ ಕೇಳಿಸಿಕೊಳ್ಳಲು ಆಕೆಗೆ ಹೇಳಿದೆ. ಅದಕ್ಕೆ ಇಡೀ ಸಂಜೆ ಹಿಡಿಯಿತು. ಅರವತ್ತು ಸರಿಯಾಗಿದ್ದವು. 61ನೆಯದರ ಕೊನೆಯಲ್ಲಿ ಸದ್ದಿರಲಿಲ್ಲ. ಅದರ ಬಾಲ ಮತ್ತು ಆಗ ಕಾಪಿ ಆಗುತ್ತಿದ್ದ 62ನೆಯದರ ತಲೆ ಒಂದೇ ಬ್ಲಾಕ್ ಹಂಚಿಕೊಂಡಿದ್ದವು. ಹೊಸದನ್ನು ಸೇರಿಸಲು ಹೋಗಿ ಹಳೆಯದರ ಕೊನೆಯ 3 ಎಂಬಿ ಹೋಗಿತ್ತು. ಸೆಕೆಂಡಿಗೆ 44,100 ಮಾದರಿ ದಾಖಲಿಸುವ ಒಂದೇ ಚಾನೆಲ್‌ನ 16 ಬಿಟ್ ಧ್ವನಿಗೆ ಸೆಕೆಂಡಿಗೆ 88,200 ಬೈಟ್ ಬೇಕು. 3 ಎಂಬಿ ಎಂದರೆ ಸುಮಾರು 35 ಸೆಕೆಂಡ್. ಅದನ್ನು ಯಾವ ಉಪಕರಣದಿಂದಲೂ ತರಲಾಗಲಿಲ್ಲ. ಇಮೇಜ್‌ನ ಮೂಲೆ ಮೂಲೆ ಹುಡುಕಿದೆ, ಆ ಬೈಟ್‌ಗಳು ಇರಲೇ ಇಲ್ಲ.

ಲಕ್ಷಣ ಬೇರೆಯಿದ್ದಿದ್ದರೆ ನನ್ನ ದಾರಿಯೂ ಬೇರೆಯಿರುತ್ತಿತ್ತು. ದೀಪ ಹೊತ್ತಿ, ಹೆಸರು ಹೇಳಿ, ಗಾತ್ರ ಮಾತ್ರ ಸೊನ್ನೆ ತೋರಿಸಿದರೆ ಕಂಟ್ರೋಲರ್‌ಗೆ ನ್ಯಾಂಡ್ ಚಿಪ್ ಓದಲಾಗುತ್ತಿಲ್ಲ ಎಂದರ್ಥ, ಬೆಸುಗೆಯಿಂದ ಸಾಮಾನ್ಯವಾಗಿ ಫಲವಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸರಿಯಾಗಿ ಕಂಡು ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಕಾಣದಿದ್ದರೆ ಡ್ರೈವ್ ಅಕ್ಷರ ಸಿಕ್ಕಿಲ್ಲ ಅಷ್ಟೇ, ಕೊಟ್ಟರೆ ಮುಗಿಯಿತು. ಒಂದು ಕಚೇರಿಯ ಎಲ್ಲ ಕಂಪ್ಯೂಟರ್‌ಗಳಲ್ಲೂ ಯಾವ ಪೆನ್‌ಡ್ರೈವೂ ತೆರೆಯದಿದ್ದರೆ ಅಲ್ಲಿನ ನಿರ್ವಾಹಕರು ಬೇಕೆಂದೇ ತಡೆದಿರಬಹುದು, ಅವರನ್ನೇ ಕೇಳಬೇಕು.

ಆ ರಾತ್ರಿಯೇ 61 ಫೈಲ್‌ಗಳನ್ನೂ ಕಾರ್ಡಿನಲ್ಲಿದ್ದ 62ನೆಯದನ್ನೂ ಎರಡು ಬೇರೆ ಡಿಸ್ಕ್‌ಗಳಿಗೆ ಹಾಕಿದೆವು. ಪೆನ್‌ಡ್ರೈವ್ ಈಗ ಚೆನ್ನಾಗಿ ನಡೆಯುತ್ತದೆ, ಆದರೂ ಅದನ್ನು ಮತ್ತೆ ಬಳಕೆಗೆ ಕೊಡಲಿಲ್ಲ. ದಿನಾಂಕ ಬರೆದ ಲಕೋಟೆಯಲ್ಲಿ ನನ್ನ ಬಳಿಯೇ ಇದೆ.

61ನೇ ಸಂದರ್ಶನದ ಕೊನೆಯನ್ನು ಆಕೆ ಹೊರಡುವ ಮುನ್ನ ಇನ್ನೊಮ್ಮೆ ಕೇಳಿದಳು. ಎಲ್ಲ ಸಂದರ್ಶನಗಳನ್ನೂ ಆಕೆ ಒಂದೇ ಪ್ರಶ್ನೆಯಿಂದ ಮುಗಿಸುತ್ತಿದ್ದಳಂತೆ. ಸ್ಪೀಕರ್‌ನಲ್ಲಿ ಆಕೆಯದೇ ದನಿ “ನಾನು ಕೇಳದೆ ಬಿಟ್ಟದ್ದು, ನೀವು ಹೇಳಬೇಕೆಂದಿದ್ದದ್ದು ಇನ್ನೇನಾದರೂ ಇದೆಯೇ?” ಎಂದಿತು. ಒಬ್ಬ ಹಿರಿಯರು ಗಂಟಲು ಸರಿಮಾಡಿಕೊಂಡು “ಇದೆ” ಎಂದರು. ಅಲ್ಲಿಂದಾಚೆ ಸದ್ದಿಲ್ಲ. ಆಕೆ ಚೀಲದಿಂದ ಟಿಪ್ಪಣಿ ಪುಸ್ತಕ ತೆಗೆದು ಪುಟ ಹುಡುಕಿದಳು. ಆ ಉತ್ತರಕ್ಕೆಂದು ಎರಡು ಸಾಲು ಬರೆದುಕೊಂಡಿದ್ದಳು. ಅವರಿಗೆ ಮತ್ತೆ ಫೋನ್ ಮಾಡುತ್ತೇನೆ ಎಂದು ಆ ಸಾಲುಗಳ ಪಕ್ಕ ಗುರುತು ಹಾಕಿಕೊಂಡಳು.